ಆಮವಾತವೂ ಮೈದುಡಿಮೆಯೂ: ತೆಲಿಗಿ ಸೀಮೆಯ ಹಿನ್ನೋಟ

ಕೀಲುಗಳು ಊದಿ ನೋಯುವ ಆಮವಾತದವರು ಮೈ ದಣಿಸಬೇಕೋ, ಕದಲದೆ ಇರಬೇಕೋ ಎಂಬ ಚರ್ಚೆಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ‘ಮಾಧವನಿದಾನ’ ಎಂಬ ಹಳೆಯ ಆಯುರ್ವೇದ ಗ್ರಂಥ ಈ ರೋಗಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಮೈ ಅಲುಗಿಸದೆ ಕೂರುವುದನ್ನೂ ಜಿಡ್ಡಿನ ಊಟ ಮಾಡಿ ವ್ಯಾಯಾಮಕ್ಕೆ ಇಳಿಯುವುದನ್ನೂ ಅದು ಕಾರಣಗಳ ಸಾಲಿನಲ್ಲಿ ಜೊತೆಗೇ ಇಡುತ್ತದೆ. ಇದನ್ನು ಬಹುಮಟ್ಟಿಗೆ ಹೋಲುವ ಕಾಯಿಲೆಗೆ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ 1859ರ ತನ್ನ ಗ್ರಂಥದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರು ಬಳಸಿದ. ಅಲ್ಲಿಂದ ಸುಮಾರು ನೂರು ವರ್ಷ ಪಾಶ್ಚಾತ್ಯ ಆಸ್ಪತ್ರೆಗಳ ಮುಖ್ಯ ಸಲಹೆ ವಿಶ್ರಾಂತಿಯೇ ಆಗಿತ್ತು. ಊದಿದ ಕೀಲಿಗೆ ಪಟ್ಟಿ ಕಟ್ಟಿ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದರು.

ಆ ವಿಶ್ರಾಂತಿ ಕರ್ನಾಟಕದ ತೆಲಿಗಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯ ಒಕ್ಕಲು ಮನೆಗಳಿಗೆ ಎಟುಕುವಂಥದ್ದಾಗಿರಲಿಲ್ಲ. ಮಳೆಯನ್ನೇ ನಂಬಿದ ಜೋಳ, ಶೇಂಗಾದ ಈ ಸೀಮೆಯಲ್ಲಿ ಹೆಣ್ಣುಮಕ್ಕಳ ದುಡಿಮೆ ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು: ಬೀಸುಕಲ್ಲು, ನೀರಿನ ಕೊಡ, ಬಳಿಕ ರೊಟ್ಟಿ. ಆಮವಾತ ಹೆಚ್ಚಾಗಿ ಕಾಡುವುದೂ ಹೆಂಗಸರನ್ನೇ. ಅದು ಮೊದಲು ಹಿಡಿಯುವುದು ಬೆರಳ ಬುಡ, ಮಣಿಕಟ್ಟು. ಕೀಲು ತೀರಾ ಬಿಗಿಯುವುದು ಬೆಳಗಿನ ಹೊತ್ತು. ಜೋಳದ ಹಿಟ್ಟು ನಾದಿ ಅಂಗೈಯಲ್ಲಿ ರೊಟ್ಟಿ ಬಡಿಯಬೇಕಾದ ಹೊತ್ತೂ ಅದೇ. ಹೊಲಕ್ಕೆ ಹೋದರೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳಬೇಕು, ಸುಗ್ಗಿಯಲ್ಲಿ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸಬೇಕು. ಇದು ಮೈದುಡಿಮೆ ನಿಜ, ವ್ಯಾಯಾಮವಲ್ಲ. ವ್ಯಾಯಾಮವನ್ನು ನೋವು ಕಂಡಾಗ ನಿಲ್ಲಿಸಬಹುದು. ಕೂಲಿಯನ್ನು ಹಾಗೆ ನಿಲ್ಲಿಸಲಾಗದು. ರೋಗದ ಇತಿಹಾಸ ಬರೆದವರು ಈ ವ್ಯತ್ಯಾಸಕ್ಕೆ ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ.

ದೊಡ್ಡಾಸ್ಪತ್ರೆಯೂ ಮೊದಲು ದೂರವೇ ಇತ್ತು. ಮದರಾಸು ಆಡಳಿತದಲ್ಲಿದ್ದ ಈ ಸೀಮೆ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿಯಲ್ಲಿ 1961ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದ ಮೇಲೆ ಅದು ಬಸ್ಸಿನ ದಾರಿಗೆ ಬಂತು.

ಅಷ್ಟರಲ್ಲಿ ಚಿಕಿತ್ಸೆಯೂ ಬದಲಾಗತೊಡಗಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕಾರ್ಟಿಸೋನ್ ಎಂಬ ಔಷಧಿ ಪಡೆದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದದ್ದು ದೊಡ್ಡ ಸುದ್ದಿಯಾಯಿತು. ಅದರ ಅಡ್ಡಪರಿಣಾಮಗಳು ಆಮೇಲೆ ತಿಳಿದವು. ರೋಗವನ್ನೇ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ 1980ರ ದಶಕದಲ್ಲಿ ಬಳಕೆಗೆ ಬಂತು. ವ್ಯಾಯಾಮದ ಬಗೆಗಿನ ನಿಲುವೂ ಬದಲಾಯಿತು. 1970ರ ದಶಕದ ಸ್ವೀಡನ್ನಿನ ಅಧ್ಯಯನಗಳು ವ್ಯಾಯಾಮದಿಂದ ಕೀಲು ಕೆಡುತ್ತದೆಂಬ ಭಯವನ್ನು ಸಡಿಲಿಸಿದವು. 2003ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ ಸುಮಾರು 300 ರೋಗಿಗಳಿದ್ದರು. ವಾರಕ್ಕೆರಡು ಬಾರಿಯಂತೆ ಎರಡು ವರ್ಷ ಚುರುಕಾದ ವ್ಯಾಯಾಮ ಮಾಡಿದವರಲ್ಲಿ ದಿನನಿತ್ಯದ ಕೆಲಸದ ಶಕ್ತಿ ಹೆಚ್ಚಿತು, ರೋಗ ಉಲ್ಬಣಿಸಲಿಲ್ಲ. ಆದರೆ ದೊಡ್ಡ ಕೀಲುಗಳು ಮೊದಲೇ ಸಾಕಷ್ಟು ಸವೆದಿದ್ದವರಿಗೆ ಎಚ್ಚರಿಕೆ ಬೇಕೆಂಬ ಮಾತೂ ಅದರಿಂದಲೇ ಬಂತು. 2018ರ ಯುರೋಪಿನ ಶಿಫಾರಸುಗಳು ದೈಹಿಕ ಚಟುವಟಿಕೆಯನ್ನು ಚಿಕಿತ್ಸೆಯ ಅಂಗವೆಂದೇ ಎಣಿಸಿವೆ.

ಈ ನಡುವೆ ತೆಲಿಗಿ ಸೀಮೆಯ ದುಡಿಮೆಯೂ ಮಾರ್ಪಟ್ಟಿದೆ. ಬೀಸುಕಲ್ಲಿನ ಕೆಲಸವನ್ನು ಹಿಟ್ಟಿನ ಗಿರಣಿ ವಹಿಸಿಕೊಂಡಿತು, ಜೋಳದ ಹೊಲಗಳಿಗೆ ಮೆಕ್ಕೆಜೋಳ ಬಂತು, ಕೊಳವೆಬಾವಿ ನೀರನ್ನು ಹತ್ತಿರ ತಂದಿತು. ಕೊಟ್ಟೂರು ಗುರು ಬಸವೇಶ್ವರ ತೇರಿಗೆ ಕಾಲ್ನಡಿಗೆಯಲ್ಲಿ ಬರುವ ವಾಡಿಕೆ ಉಳಿದಿದೆಯಾದರೂ ಅದು ವರ್ಷದ ಒಂದೆರಡು ದಿನದ ಮಾತು. ರೋಗಿ ಎಷ್ಟು ಚಟುವಟಿಕೆಯಿಂದಿದ್ದಾರೆಂದು ಅಳೆಯುವಾಗ ಬಿಡುವಿನ ವೇಳೆಯ ನಡಿಗೆ, ಆಟಗಳನ್ನಷ್ಟೇ ಕೇಳಿದರೆ ಇಲ್ಲಿನ ಹೆಂಗಸರು ಏನೂ ಮಾಡದವರೆಂದು ದಾಖಲಾಗುತ್ತಾರೆ. ಕಳೆ, ಕೊಡ, ರೊಟ್ಟಿಗಳ ಲೆಕ್ಕವನ್ನೂ ಹಿಡಿದಾಗಲೇ ಯಾವ ಕೀಲಿಗೆ ಬಿಡುವು ಬೇಕು, ಯಾವ ಸ್ನಾಯುವಿಗೆ ಬಲ ತುಂಬಬೇಕು ಎಂಬುದನ್ನು ವೈದ್ಯರು ನಿರ್ಧರಿಸಬಲ್ಲರು.