ಕೊಡಚಾದ್ರಿಯ ಕಬ್ಬಿಣದ ಕಂಬ

ನಾನು ಹತ್ತನೇ ತರಗತಿಯಲ್ಲಿದ್ದಾಗ ಸಮಾಜ ಪಾಠದ ಮಾಸ್ಟ್ರು ನಮ್ಮನ್ನು ಮೂರು ದಿನಗಳ ಕೊಡಚಾದ್ರಿ ಚಾರಣಕ್ಕೆ ಕರೆದೊಯ್ದರು. ಮೊದಲ ರಾತ್ರಿ ಕೊಲ್ಲೂರಿನಲ್ಲಿ ತಂಗಿದೆವು. ಮರುದಿನ ದಾರಿ ಬಲ್ಲ ಅಜ್ಜರೊಬ್ಬರ ಹಿಂದೆ ಕಾಡುದಾರಿ ಹಿಡಿದು ಬೆಟ್ಟ ಹತ್ತಿದೆವು.

ಮೂಲ ಮೂಕಾಂಬಿಕೆಯ ಗುಡಿಯೆದುರು ಎತ್ತರದ ಕಬ್ಬಿಣದ ಕಂಬವಿತ್ತು. "ಮಕ್ಳೆ, ಮುಟ್ಟಿ ಕಾಣಿ" ಎಂದರು ಅಜ್ಜ. ಎಷ್ಟೋ ಮಳೆಗಾಲ ಕಂಡರೂ ಅದು ತುಕ್ಕಿಗೆ ಕರಗಿರಲಿಲ್ಲ. ಅದು ಸಾಂಪ್ರದಾಯಿಕ ವಿಧಾನದಲ್ಲಿ ತಯಾರಾದ ಕಬ್ಬಿಣವೆಂದು ಮುಂದೆ ಸಂಶೋಧಕರು ಪರೀಕ್ಷಿಸಿ ಹೇಳಿದರು. ಅದನ್ನು ಕಾಯಿಸಿ ಬಡಿದವರ ಹೆಸರು ಯಾವ ಪಾಠದಲ್ಲೂ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ 1,343 ಮೀಟರ್ ಎತ್ತರದ ಶಿಖರದಲ್ಲಿ, ಶಂಕರಾಚಾರ್ಯರ ನೆನಪಿನ ಸರ್ವಜ್ಞ ಪೀಠದ ಬಳಿ ನಿಂತೆವು. "ಇಲ್ಲಿ ಹುಟ್ಟುವ ಸೌಪರ್ಣಿಕೆ ಗಂಗೊಳ್ಳಿಯಲ್ಲಿ ನಮ್ಮ ವಾರಾಹಿಯನ್ನು ಕೂಡುತ್ತಾಳೆ" ಎಂದರು ಮಾಸ್ಟ್ರು. ಚರಿತ್ರೆ ದೆಹಲಿಯಲ್ಲಷ್ಟೇ ಇಲ್ಲ, ನಮ್ಮ ಹೊಳೆಯ ದಾರಿಯಲ್ಲೂ ಇದೆ ಎಂದು ಅಂದು ತಿಳಿಯಿತು.

ಊರಿಗೆ ಮರಳಿದ ಮೇಲೆ ಹಟ್ಟಿಯಂಗಡಿಯ ಬಸದಿಯನ್ನು ಮೊದಲ ಬಾರಿ ನಿಂತು ನೋಡಿದೆ. ಹೊನ್ನೆಯಕಂಬಳಿ ಅರಸರು ಆಳಿದ ಊರಿನಲ್ಲಿ ದಿನವೂ ನಡೆದಾಡಿದ್ದೆ, ಕಂಡಿರಲಿಲ್ಲ.

ಈಗ ಕೊಡಚಾದ್ರಿಗೆ ಜೀಪು ಹೋಗುತ್ತದೆ. ಕಂಬವನ್ನು ಮುಟ್ಟಿ ನೋಡುವವರು ಕಡಿಮೆ. ನಮ್ಮ ಶಾಲೆಯ ಮಕ್ಕಳು ಒಮ್ಮೆಯಾದರೂ ಬಲ್ಲವರ ಜೊತೆ ನಡೆದೇ ಹತ್ತಲಿ. ಆದರೆ ಮೊದಲ ಹೆಜ್ಜೆ ನಮ್ಮೂರ ಬಸದಿಯಿಂದಲೇ ಇಡಲಿ.