ದಿಲ್ಲಿ ತುಂಬಿದ ಬಗೆ

ದಿಲ್ಲಿಯ ಜನಸಂದಣಿಯ ಬಗ್ಗೆ ನಾವೆಲ್ಲ ಗೊಣಗುವುದುಂಟು. ಆ ಸಂದಣಿಯಲ್ಲಿ ನಾವೂ ಸೇರಿದ್ದೇವೆ ಎಂಬುದು ಮಾತ್ರ ಮರೆತುಹೋಗುತ್ತದೆ. ಈ ಊರು ಬೆಳೆದದ್ದೇ ಹೊರಗಿನಿಂದ ಬಂದವರಿಂದ.

1911ರ ಡಿಸೆಂಬರ್ 12ರಂದು ಐದನೇ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿದಾಗ ದಿಲ್ಲಿ ಪ್ರದೇಶದ ಜನಸಂಖ್ಯೆ ಸುಮಾರು 4.14 ಲಕ್ಷ. ರೈಸಿನಾ, ಮಾಲ್ಚಾ ಹಳ್ಳಿಗಳ ಜಮೀನು ಹೊಸ ನಗರದ ಪಾಲಾಯಿತು. ಕಟ್ಟಡದ ಕೆಲಸಕ್ಕೆ ರಾಜಸ್ಥಾನದ ಕಡೆಯಿಂದ ಕೂಲಿಕಾರರು ಬಂದರು, ಹಿಂದೆಯೇ ಗುಮಾಸ್ತರು ಬಂದರು. 1941ರ ಹೊತ್ತಿಗೆ ಸಂಖ್ಯೆ 9 ಲಕ್ಷ ದಾಟಿತ್ತು.

ಆಮೇಲೆ ಬಂದದ್ದು ದೇಶ ವಿಭಜನೆ. ಪಶ್ಚಿಮ ಪಂಜಾಬು ಮತ್ತು ಸಿಂಧ್ ಕಡೆಯಿಂದ ಸುಮಾರು 5 ಲಕ್ಷ ನಿರಾಶ್ರಿತರು ಬಂದರು. ಇಲ್ಲಿಂದ ಸುಮಾರು 3 ಲಕ್ಷ ಮುಸಲ್ಮಾನರು ಹೊರಟುಹೋದರು. ಲಾಜಪತ್ ನಗರ, ರಾಜೇಂದ್ರ ನಗರ, ಪಟೇಲ್ ನಗರ ಹುಟ್ಟಿದ್ದು ಹೀಗೆ. 1951ರ ಜನಗಣತಿಯಲ್ಲಿ ದಿಲ್ಲಿಯ ಲೆಕ್ಕ 17.44 ಲಕ್ಷ, ಅಂದರೆ ಹತ್ತು ವರ್ಷದಲ್ಲಿ ಶೇ. 90ರಷ್ಟು ಏರಿಕೆ.

ಕೇಂದ್ರ ಸರ್ಕಾರದ ನೌಕರಿ ಹಿಡಿದು ಬಂದ ಕನ್ನಡಿಗರೂ ಈ ಕಥೆಯಲ್ಲಿದ್ದಾರೆ. ದೆಹಲಿ ಕರ್ನಾಟಕ ಸಂಘ ಸ್ಥಾಪನೆಯಾದದ್ದು 1948ರಲ್ಲಿ. ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಅಕ್ಕಪಕ್ಕದಲ್ಲೇ ಇದ್ದವರಿಗೆ ಹಬ್ಬಕ್ಕೋ ನಾಟಕಕ್ಕೋ ಸೇರುವುದು ಕಷ್ಟವಿರಲಿಲ್ಲ.

ಮುಂದೆ ಊರು ಹೊರಕ್ಕೆ ಹರಡಿತು. 1976ರಲ್ಲಿ ನೋಯ್ಡಾ ಹುಟ್ಟಿತು. 1983ರಲ್ಲಿ ಗುಡಗಾಂವ್‌ನಲ್ಲಿ ಮೊದಲ ಮಾರುತಿ ಕಾರು ಹೊರಬಂತು. 2002ರಲ್ಲಿ ಆರಂಭವಾದ ಮೆಟ್ರೊ 2009ರಲ್ಲಿ ನೋಯ್ಡಾಕ್ಕೂ 2010ರಲ್ಲಿ ಗುಡಗಾಂವ್‌ಗೂ ತಲುಪಿತು. 2001ರಿಂದ 2011ರೊಳಗೆ ಗುಡಗಾಂವ್ ಜಿಲ್ಲೆಯ ಜನ 8.7 ಲಕ್ಷದಿಂದ 15.1 ಲಕ್ಷಕ್ಕೆ ಏರಿದರು. ಅದೇ ಅವಧಿಯಲ್ಲಿ ನವದೆಹಲಿ ಜಿಲ್ಲೆಯಲ್ಲಿ 1.79 ಲಕ್ಷ ಇದ್ದದ್ದು 1.42 ಲಕ್ಷಕ್ಕೆ ಇಳಿಯಿತು! ನಡು ಊರಿನಲ್ಲಿ ಬಾಡಿಗೆ ದುಬಾರಿ, ಮನೆಗಳು ಅಂಗಡಿಗಳಾದವು. ಎಲ್ಲರೂ ಮನಸಾರೆ ಹೊರಟವರಲ್ಲ: 2004ರಲ್ಲಿ ಯಮುನಾ ಪುಷ್ತಾದ ಗುಡಿಸಲುಗಳನ್ನು ಕೆಡವಿದಾಗ ಅನೇಕ ಕುಟುಂಬಗಳು ದೂರದ ಬವಾನಾಕ್ಕೆ ಹೋಗಬೇಕಾಯಿತು. ಅಲ್ಲಿಂದ ಕೂಲಿಗೆ ಬರುವ ಬಸ್ ಚಾರ್ಜೇ ಒಂದು ಹೊರೆ.

ನಮ್ಮ ನಾಡಿನ ಕಥೆಯೂ ಬೇರೆಯಲ್ಲ. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆಯಿತು, ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಕೊಂಚ ಕುಗ್ಗಿತು.

ಊರು ಹರಡಿದಂತೆ ನಾವೂ ಚದುರಿದ್ದೇವೆ. ದ್ವಾರಕಾದವರಿಗೆ ಮಯೂರ್ ವಿಹಾರದವರು ಈಗ ದೂರದ ನೆಂಟರು. ನಾವು ಎಷ್ಟು ಮಂದಿ, ಎಲ್ಲಿದ್ದೇವೆ ಎಂದು ಹೇಳುವುದು ಜನಗಣತಿಯೊಂದೇ. 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್‌ನಿಂದಾಗಿ ನಿಂತಿತು. 2027ಕ್ಕೆ ನಡೆಸುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು. ಮನೆಯಲ್ಲಿ ಮಕ್ಕಳು ಹಿಂದಿಯಲ್ಲೇ ಉತ್ತರಿಸುವ ಕಾಲ ಇದು. ಹಾಗಿದ್ದರೂ ಗಣತಿಯವರು ಮಾತೃಭಾಷೆ ಕೇಳಿದಾಗ ಕನ್ನಡವೆಂದು ಬರೆಸುವುದನ್ನು ಮರೆಯಬೇಡಿ. ನಿಮ್ಮ ಕುಟುಂಬ ದಿಲ್ಲಿಗೆ ಯಾವ ವರ್ಷ, ಯಾವ ಊರಿಂದ ಬಂತು ಎಂಬುದನ್ನು ಮಕ್ಕಳಿಗೆ ಹೇಳಿ. ನಮಗೂ ಬರೆದು ಕಳಿಸಿ.