ಮಕ್ಕಳ ಕಥೆಗೆ ಬಣ್ಣ ಬಂದ ಕಾಲ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಶಾಲೆಯ ಗ್ರಂಥಾಲಯದ ಬೀರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಆ ಬೀರುವಿನಲ್ಲಿ ರಟ್ಟು ಸಡಿಲವಾಗಿದ್ದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಕಥೆಗಳು. ಇಂಗ್ಲಿಷ್ ನನಗೆ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ, ಚಿತ್ರಗಳು ಅರ್ಥವಾಗುತ್ತಿದ್ದವು. ಅವುಗಳಲ್ಲಿ ಒಂದು ಹೀಗಿತ್ತು: ಕಾಡಿನ ಮನೆಯ ಬಾಗಿಲಲ್ಲಿ ಊರುಗೋಲು ಹಿಡಿದು ಬಾಗಿ ನಿಂತ ಮುದುಕಿ, ಎದುರಿಗೆ ಹೆದರಿದ ಅಣ್ಣ ತಂಗಿ. ಆ ಚಿತ್ರವನ್ನು ನಾನು ಪುಸ್ತಕದಿಂದ ಬಿಡಿಸಿ ಮನೆಗೆ ಒಯ್ದೆ. ಈ ವಿಷಯವನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಚಿತ್ರ ಬರೆದವರು ಆರ್ಥರ್ ರ‍್ಯಾಕಮ್ ಎಂದು ತಿಳಿದದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅವರ ಬೆನ್ನು ಹತ್ತಿ ಹೋದಾಗ ಒಂದು ದೊಡ್ಡ ಚರಿತ್ರೆಯೇ ತೆರೆದುಕೊಂಡಿತು. ಲಂಡನ್ನಿನಲ್ಲಿ ಸುಮಾರು 1865ರಿಂದ ಮೊದಲ ಮಹಾಯುದ್ಧದವರೆಗಿನ ಕಾಲ ಅದು. ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸಿನಷ್ಟೇ, ಐವತ್ತು ವರ್ಷ.

ಆ ಕಥೆ ಕಲಾವಿದನಿಗಿಂತ ಮೊದಲು ಒಬ್ಬ ಮುದ್ರಕನಿಂದ ಶುರುವಾಗುತ್ತದೆ. ಎಡ್ಮಂಡ್ ಎವಾನ್ಸ್ ಎಂಬಾತ ಮರದ ಅಚ್ಚಿನಲ್ಲಿ ಚಿತ್ರ ಕೊರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಮಾಡಿ, ಒಂದರ ಮೇಲೊಂದು ಒತ್ತುತ್ತಿದ್ದ. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಟ್ಟಂತೆ. 1865ರಿಂದ ವಾಲ್ಟರ್ ಕ್ರೇನ್ ಎಂಬ ಕಲಾವಿದ ಇವನ ಜೊತೆ ಸೇರಿ ಮಕ್ಕಳ ಚಿತ್ರಪುಸ್ತಕಗಳನ್ನು ಮಾಡಿದ. ಬೆಲೆ ಆರು ಪೆನ್ನಿ. ಅಗ್ಗದ ಪುಸ್ತಕವೂ ಅಂದವಾಗಿರಬಹುದು ಎಂದು ಇಬ್ಬರೂ ತೋರಿಸಿಕೊಟ್ಟರು. 1879ರಲ್ಲಿ ಕೇಟ್ ಗ್ರೀನವೇ ಎಂಬ ಕಲಾವಿದೆಯ ಮೊದಲ ಪುಸ್ತಕವನ್ನು ಎವಾನ್ಸ್ ಒಮ್ಮೆಲೇ 20,000 ಪ್ರತಿ ಅಚ್ಚು ಹಾಕಿದ. ಅಷ್ಟೂ ಖರ್ಚಾಗಿ ಮತ್ತೆ ಮುದ್ರಿಸಬೇಕಾಯಿತು.

1890ರ ದಶಕದಲ್ಲಿ ಹೊಸ ವಿಧಾನ ಬಂತು. ಚಿತ್ರವನ್ನು ಬಣ್ಣದ ಗಾಜುಗಳ ಮೂಲಕ ಫೋಟೋ ತೆಗೆದು, ಹಳದಿ, ಕೆಂಪು, ನೀಲಿ ಎಂದು ಮೂರು ಲೋಹದ ಅಚ್ಚು ಮಾಡಿ, ಸಣ್ಣ ಸಣ್ಣ ಚುಕ್ಕೆಗಳಾಗಿ ಒತ್ತುವುದು. ದೂರದಿಂದ ನೋಡಿದರೆ ಚುಕ್ಕೆಗಳು ಸೇರಿ ನೂರಾರು ಬಣ್ಣವಾಗುತ್ತವೆ. ಇಂದು ನಮ್ಮ ಮೊಬೈಲ್ ಪರದೆ ನಡೆಯುವುದೂ ಇಂಥದೇ ಉಪಾಯದ ಮೇಲೆ. ಆದರೆ ಈ ಚುಕ್ಕೆಗಳು ಒರಟು ಕಾಗದದ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ನುಣುಪಾದ ಬೇರೆ ಕಾಗದ ಬೇಕು. ಹಾಗಾಗಿ ಚಿತ್ರಗಳನ್ನು ಪ್ರತ್ಯೇಕವಾಗಿ ಮುದ್ರಿಸಿ, ಪುಸ್ತಕದೊಳಗೆ ಅಂಚಿಗಷ್ಟೇ ಅಂಟು ಹಚ್ಚಿ ಕೂರಿಸುತ್ತಿದ್ದರು.

ಈ ಯಂತ್ರದ ಗುಣವನ್ನು ಚೆನ್ನಾಗಿ ಅರಿತವರಲ್ಲಿ ರ‍್ಯಾಕಮ್ ಒಬ್ಬರು. 1867ರಲ್ಲಿ ಹುಟ್ಟಿದ ಅವರು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರು. ಹಗಲು ಲೆಕ್ಕದ ಕೆಲಸ, ಸಂಜೆ ಲ್ಯಾಂಬೆತ್ ಕಲಾಶಾಲೆಯಲ್ಲಿ ಪಾಠ. 1905ರಲ್ಲಿ ಅವರ 51 ವರ್ಣಚಿತ್ರಗಳಿದ್ದ 'ರಿಪ್ ವ್ಯಾನ್ ವಿಂಕಲ್' ಬಂತು, ಅಲ್ಲಿಂದ ಅವರ ಹೆಸರು ಮನೆಮಾತಾಯಿತು. ಕಪ್ಪು ಶಾಯಿಯ ಗೆರೆಯಲ್ಲಿ ಚಿತ್ರ ಬರೆದು, ಮೇಲೆ ತೆಳುವಾಗಿ ಮಣ್ಣಿನ ಬಣ್ಣ ಲೇಪಿಸುತ್ತಿದ್ದರು. ಬಣ್ಣ ಎಷ್ಟೇ ತೆಳುವಾದರೂ ಗೆರೆ ಚಿತ್ರವನ್ನು ಹಿಡಿದು ನಿಲ್ಲಿಸುತ್ತಿತ್ತು. 1909ರ ಗ್ರಿಮ್ ಕಥೆಗಳಿಗೆ 40 ವರ್ಣಚಿತ್ರ ಕೊಟ್ಟರು. ನನ್ನ ಮುದುಕಿ ಅಲ್ಲಿಯವಳು. ಫ್ರಾನ್ಸಿನ ತುಲೂಸ್‌ನಿಂದ ಬಂದ ಎಡ್ಮಂಡ್ ಡುಲಾಕ್ 1907ರಲ್ಲಿ ಅರೇಬಿಯನ್ ನೈಟ್ಸ್ ಕಥೆಗಳಿಗೆ ಬರೆದದ್ದು ಬೇರೆ ರೀತಿ. ಅಲ್ಲಿ ಗೆರೆಗಿಂತ ಬಣ್ಣವೇ ಮುಂದೆ, ಅದರಲ್ಲೂ ರಾತ್ರಿಯ ನೀಲಿ. 1912ರಲ್ಲಿ ವಾರ್ವಿಕ್ ಗೋಬಲ್ ನಮ್ಮ ದೇಶದ ಕಥೆಗಳಿಗೇ, ಲಾಲ್ ಬೆಹಾರಿ ಡೇ ಅವರ ಬಂಗಾಳದ ಜನಪದ ಕಥೆಗಳಿಗೆ, 32 ಚಿತ್ರ ಬರೆದ.

ಆದರೆ ಈ ಪುಸ್ತಕಗಳು ಆರು ಪೆನ್ನಿಯವಲ್ಲ. 1906ರಲ್ಲಿ ಬಂದ ರ‍್ಯಾಕಮ್ ಅವರ ಪೀಟರ್ ಪ್ಯಾನ್ ಪುಸ್ತಕಕ್ಕೆ 15 ಷಿಲಿಂಗ್. ಅಷ್ಟರಲ್ಲಿ ಕ್ರೇನ್‌ನ ಪುಸ್ತಕ ಮೂವತ್ತು ಬರುತ್ತಿದ್ದವು. ಕ್ರಿಸ್‌ಮಸ್ ಉಡುಗೊರೆಯಾಗಿ ಉಳ್ಳವರ ಮನೆ ಸೇರಿದ ಇವುಗಳಲ್ಲಿ ಎಷ್ಟೋ ಮಕ್ಕಳ ಕೈಗಿಂತ ಗಾಜಿನ ಕಪಾಟಿಗೆ ಹೋದವು. ಮುಂದೆ ಚಿತ್ರಗಳನ್ನಷ್ಟೇ ಬಿಡಿಸಿ, ಕಟ್ಟು ಹಾಕಿಸಿ ಮಾರುವವರೂ ಬಂದರು. 1914ರಲ್ಲಿ ಯುದ್ಧ ಶುರುವಾಗಿ ಆ ಮಾರುಕಟ್ಟೆ ಕುಸಿಯಿತು. ಅದೇ ವರ್ಷ ನಾರ್ವೆಯ ಕಥೆಗಳಿಗೆ ಅಪೂರ್ವ ಚಿತ್ರ ಬರೆದ ಡೆನ್ಮಾರ್ಕಿನ ಕಾಯ್ ನೀಲ್ಸನ್ ಮುಂದೆ ಅಮೆರಿಕಕ್ಕೆ ಹೋಗಿ ಡಿಸ್ನಿಯವರ ಚಿತ್ರಗಳಿಗೆ ದುಡಿದರೂ, 1957ರಲ್ಲಿ ಬಡತನದಲ್ಲೇ ತೀರಿಕೊಂಡರು.

ಆರು ಪೆನ್ನಿಯ ಆಸೆ ಮಾತ್ರ ಸಾಯಲಿಲ್ಲ. 1949ರಿಂದ ಕನ್ನಡದಲ್ಲಿ ಬಂದ ಚಂದಮಾಮದ ಬೇತಾಳನನ್ನು ನೋಡಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಸಂಚಿಕೆ ಹತ್ತು ಮನೆ ಸುತ್ತಿ ಬರುತ್ತಿತ್ತು.

ಇದನ್ನೆಲ್ಲ ಓದುವಾಗ ನನಗೆ ನನ್ನ ತಪ್ಪು ಸರಿಯಾಗಿ ಕಂಡಿತು. ನಾನು ಚಿತ್ರ ತಂದ ಮರುವರ್ಷ ನನ್ನ ತಂಗಿ ಅದೇ ಶಾಲೆಗೆ ಸೇರಿ ಅದೇ ಪುಸ್ತಕ ಹಿಡಿದಿದ್ದಳು. "ಅಣ್ಣ, ಈ ಕಥೆಗೊಂದೇ ಚಿತ್ರ ಇಲ್ಲ" ಎಂದಿದ್ದಳು. ನಾನು ಸುಮ್ಮನಿದ್ದೆ. ಎಲ್ಲರದ್ದಾಗಿದ್ದ ಚಿತ್ರವನ್ನು ನಾನೂ ಕಪಾಟಿಗೆ ಸೇರಿಸಿದ್ದೆ.

ಆ ಪುಸ್ತಕ ಇನ್ನೂ ಬೀರುವಿನಲ್ಲಿದೆ ಎಂದು ಗುರುಗಳು ಹೇಳಿದ್ದಾರೆ. ರ‍್ಯಾಕಮ್ 1939ರಲ್ಲಿ ತೀರಿಕೊಂಡರು, ಅವರ ಚಿತ್ರಗಳ ಹಕ್ಕಿನ ಅವಧಿ ಮುಗಿದಿದೆ. ಗ್ರಿಮ್ ಕಥೆಗಳ 40 ಚಿತ್ರಗಳನ್ನೂ ಮುದ್ರಿಸಿ ಗ್ರಂಥಾಲಯದ ಗೋಡೆಗೆಂದು ತರುತ್ತಿದ್ದೇನೆ. ಮುದುಕಿಯ ಆ ಹಳೆಯ ಚಿತ್ರವನ್ನೂ ತರುತ್ತೇನೆ. ಸಮಾರಂಭದ ದಿನ ಅದನ್ನು ಅದರ ಪುಟದಲ್ಲಿ ಅಂಟಿಸಲು ಗುರುಗಳ ಅನುಮತಿ ಕೋರುತ್ತೇನೆ. ತಂಗಿಯೂ ಬರುತ್ತಿದ್ದಾಳೆ.